ಸ್ಲಿಪ್ ಡಿಸ್ಕ್‌ಗೆ ‘ಸಣ್ಣ ರಂಧ್ರದ ಆಪರೇಷನ್’: ಫಾರ್ವರ್ಡ್‌ಗಳಲ್ಲಿ ಬಾರದ ಅರ್ಧ ಕತೆ

ಬೆನ್ನುನೋವಿನ ಬಗ್ಗೆ ನಮ್ಮ ಫೋನುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತಿರುತ್ತವೆ. ಒಂದು ಹೆದರಿಸುವಂಥದ್ದು: ‘ಬೆನ್ನಿನ ಆಪರೇಷನ್ ಮಾತ್ರ ಯಾವತ್ತೂ ಮಾಡಿಸಬೇಡಿ, ಕಾಲಿನ ಸ್ವಾಧೀನವೇ ಹೋಗುತ್ತೆ.’ ಇನ್ನೊಂದು ಆಸೆ ಹುಟ್ಟಿಸುವಂಥದ್ದು: ‘ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಬೆಳಿಗ್ಗೆ ಆಪರೇಷನ್, ಸಂಜೆ ನಡ್ಕೊಂಡು ಮನೆಗೆ.’ ತಮಾಷೆಯೆಂದರೆ ಬಹಳ ಸಲ ಎರಡನ್ನೂ ಕಳಿಸುವವರು ಒಬ್ಬರೇ, ಒಂದೇ ಫ್ಯಾಮಿಲಿ ಗ್ರೂಪಿಗೆ, ಒಂದೆರಡು ವಾರದ ಅಂತರದಲ್ಲಿ.

ಎರಡರಲ್ಲೂ ಚೂರುಚೂರು ನಿಜವಿದೆ. ಆದರೆ ಎರಡೂ ಒಂದು ಮುಖ್ಯ ಪ್ರಶ್ನೆಯನ್ನು ಹಾರಿಸಿಬಿಡುತ್ತವೆ. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಆಪರೇಷನ್ ಯಾರಿಗೆ ಬೇಕು, ಯಾವ ನೋವಿಗೆ ಬೇಕು, ಎಷ್ಟು ದಿನ ಕಾದ ಮೇಲೆ ಬೇಕು ಎಂದು. ಅದನ್ನೇ ಈ ಲೇಖನದಲ್ಲಿ ಬಿಡಿಸಿ ನೋಡೋಣ.

ಡಿಸ್ಕ್ ನಿಜಕ್ಕೂ ಜಾರುತ್ತದೆಯೇ?

ಇಲ್ಲ. ‘ಸ್ಲಿಪ್ ಡಿಸ್ಕ್’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಸೊಂಟದ ಭಾಗದಲ್ಲಿ ಐದು ಬೆನ್ನುಮೂಳೆಯ ಮಣಿಗಳಿವೆ. ಒಂದು ಮಣಿಗೂ ಇನ್ನೊಂದಕ್ಕೂ ನಡುವೆ ಮೆತ್ತೆಯಂತೆ ಕೂತಿರುವುದೇ ಡಿಸ್ಕ್. ಇದು ಮೇಲಿನ ಮಣಿಗೂ ಕೆಳಗಿನ ಮಣಿಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕೇರಂ ಬೋರ್ಡಿನ ಪಾನಿನಂತೆ ಅತ್ತಿತ್ತ ಸರಿಯಲು ಅದಕ್ಕೆ ಸಾಧ್ಯವಿಲ್ಲ.

ಡಿಸ್ಕ್‌ನ ಹೊರಸುತ್ತು ನಾರಿನ ಪದರಗಳಿಂದಾಗಿದೆ. ಒಳಗಿನ ತಿರುಳು ಹರೆಯದಲ್ಲಿ ಎಳನೀರಿನ ಗಂಜಿಯಂತೆ ಮೆತ್ತಗೆ, ನೀರು ತುಂಬಿಕೊಂಡು ಇರುತ್ತದೆ. ವಯಸ್ಸಾಗುತ್ತ ಹೋದಂತೆ ಗಂಜಿ ಬಲಿತು ಕಾಯಾಗುವ ಹಾಗೆ ಅದರ ನೀರು ಕಡಿಮೆಯಾಗುತ್ತದೆ. ನಡುವಯಸ್ಸಿನಲ್ಲಿ, ಅಂದರೆ ಸುಮಾರು 30ರಿಂದ 50ರ ನಡುವೆ, ಹೊರನಾರು ಸವೆದು ಬಿರುಕು ಬಿಡಲು ಶುರುವಾಗಿರುತ್ತದೆ, ಒಳಗಿನ ತಿರುಳು ಮಾತ್ರ ಇನ್ನೂ ಉಕ್ಕುವಷ್ಟು ಮೆತ್ತಗೇ ಇರುತ್ತದೆ. ಹೋಳಿಗೆ ಲಟ್ಟಿಸುವಾಗ ಕಣಕ ಹರಿದರೆ ಹೂರಣ ಹೊರಗೆ ಇಣುಕುವುದಿಲ್ಲವೇ? ಇಲ್ಲಿ ಆಗುವುದೂ ಅದೇ. ಹೀಗೆ ಹೊರಬಂದ ತುಣುಕು ಪಕ್ಕದಲ್ಲೇ ಹಾದುಹೋಗುವ ನರದ ಬುಡಕ್ಕೆ ತಾಗಿದಾಗ ತೊಡೆ, ಮೀನಖಂಡ, ಪಾದದವರೆಗೂ ಕರೆಂಟು ಹೊಡೆದಂಥ ನೋವು ಬರುತ್ತದೆ. ಸಯಾಟಿಕಾ ಎನ್ನುವುದು ಇದನ್ನೇ. ಬಹುಪಾಲು ಜನರಲ್ಲಿ ಇದು ಸೊಂಟದ ಕಟ್ಟಕಡೆಯ ಎರಡು ಡಿಸ್ಕ್‌ಗಳಲ್ಲೇ ಆಗುತ್ತದೆ.

‘ನರ’ ಎಂಬ ಪದದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಕೈಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಹಿಂದಿನ ಗಟ್ಟಿ ನಾರೂ ನರ. ಹಾಗಾಗಿ ‘ನರ ಎಳೆದಿದೆ’, ‘ನರದ ಮೇಲೆ ನರ ಕೂತಿದೆ’ ಎನ್ನುವ ಮಾತುಗಳು ಯಾವ ಕಾಯಿಲೆಗೂ ಹೊಂದಿಕೊಂಡುಬಿಡುತ್ತವೆ. ನಾವಿಲ್ಲಿ ನರ ಎನ್ನುವುದು ಮಿದುಳಿನಿಂದ ಕಾಲಿಗೆ ಸಂದೇಶ ಒಯ್ಯುವ ತಂತುವನ್ನು ಮಾತ್ರ.

ಡಿಸ್ಕ್ ಜಾರಿಲ್ಲ ಎಂದಮೇಲೆ ಅದನ್ನು ‘ಮತ್ತೆ ಜಾಗಕ್ಕೆ ಕೂರಿಸುವ’ ಮಾತೂ ನಿಲ್ಲುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಬರೀ ಸ್ನಾಯು ಹಿಡಿದುಕೊಂಡಿದ್ದರೆ ಎರಡು ದಿನದಲ್ಲಿ ಅದು ತಾನಾಗಿಯೇ ಬಿಡುತ್ತದೆ, ಹೆಸರು ಒದ್ದವರಿಗೆ ಹೋಗುತ್ತದೆ. ಆದರೆ ತಿರುಳು ಹೊರಬಂದು ನರಕ್ಕೆ ತಾಗಿರುವಾಗ ಬೆನ್ನು ತುಳಿಸುವುದು, ಲಟಕ್ಕನೆ ತಿರುಗಿಸುವುದು ಅಪಾಯ.

ಹೊರಬಂದ ತುಣುಕನ್ನು ದೇಹವೇ ತಿನ್ನುತ್ತದೆ

ಇದನ್ನು ಮೊದಲ ಸಲ ಕೇಳುವವರು ನಂಬುವುದಿಲ್ಲ. ಡಿಸ್ಕ್‌ನ ತಿರುಳಿಗೆ ನೇರವಾಗಿ ರಕ್ತದ ಸಂಪರ್ಕ ಇಲ್ಲ. ಹಾಗಾಗಿ ಅದು ಹೊರಗೆ ಬಂದಾಗ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯ ವಸ್ತುವೆಂದೇ ಭಾವಿಸಿ ಮುಗಿಬೀಳುತ್ತದೆ. ಶುರುವಿನ ವಾರಗಳ ಭಯಂಕರ ನೋವಿಗೆ ನರದ ಮೇಲಿನ ಒತ್ತಡದಷ್ಟೇ ಈ ಉರಿಯೂತವೂ ಕಾರಣ. ಇದೇ ಉರಿಯೂತ ಮುಂದೆ ಒಳ್ಳೆಯದನ್ನೂ ಮಾಡುತ್ತದೆ. ಬಿಳಿರಕ್ತಕಣಗಳ ಒಂದು ಜಾತಿ ಆ ತುಣುಕನ್ನು ನಿಧಾನವಾಗಿ ತಿಂದು ಕರಗಿಸುತ್ತದೆ.

ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದೆ. ಅದರ ಪ್ರಕಾರ ಡಿಸ್ಕ್‌ನಿಂದ ಪೂರ್ತಿ ಕಡಿದುಕೊಂಡು ಹೊರಬಿದ್ದ ತುಣುಕುಗಳಲ್ಲಿ ಶೇ. 96ರಷ್ಟು ಶಸ್ತ್ರಚಿಕಿತ್ಸೆ ಇಲ್ಲದೆಯೇ ಕುಗ್ಗಿದ್ದವು. ಹೊರಗೆ ಚಾಚಿದರೂ ಡಿಸ್ಕ್‌ಗೆ ಅಂಟಿಕೊಂಡೇ ಇದ್ದವುಗಳಲ್ಲಿ ಶೇ. 70. ಬರೀ ಉಬ್ಬಿಕೊಂಡಿದ್ದ ಡಿಸ್ಕ್‌ಗಳಲ್ಲಿ ಶೇ. 13 ಮಾತ್ರ. ಅಂದರೆ ರಿಪೋರ್ಟಿನಲ್ಲಿ ನೋಡಲು ಅತಿ ಭೀಕರವಾಗಿರುವ ತುಣುಕೇ ಕರಗುವ ಸಾಧ್ಯತೆ ಹೆಚ್ಚು! ‘ತುಂಬಾ ದೊಡ್ಡದಿದೆ, ಆಪರೇಷನ್ನೇ ಗತಿ’ ಎಂದು ಚಿತ್ರ ನೋಡಿಯೇ ತೀರ್ಮಾನಿಸಲು ಆಗದಿರುವುದು ಈ ಕಾರಣಕ್ಕೆ.

ಎಂಆರ್‌ಐ ವಿಷಯಕ್ಕೂ ಇಲ್ಲೇ ಬರೋಣ. ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿ 1994ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಅಮೆರಿಕನ್ ಅಧ್ಯಯನದಲ್ಲಿ ಶೇ. 52 ಜನರಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಶೇ. 27 ಜನರಿಗೆ ಮುಂಚಾಚಿತ್ತು. ನೆನಪಿರಲಿ, ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡಿದ 2015ರ ಇನ್ನೊಂದು ವಿಶ್ಲೇಷಣೆಯಲ್ಲಿ ಡಿಸ್ಕ್ ಸವೆತ 20ರ ಹರೆಯದಲ್ಲೇ ಶೇ. 37 ಜನರಲ್ಲಿ ಕಂಡಿತ್ತು, 80ರ ವಯಸ್ಸಿಗೆ ಶೇ. 96 ಜನರಲ್ಲಿ. ತಲೆಕೂದಲು ನೆರೆಯುವಂತೆ ಇದೂ ಒಂದು ಬದಲಾವಣೆ. ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’, ‘ಡೀಜನರೇಶನ್’ ಎಂಬ ಪದ ಕಂಡ ತಕ್ಷಣ ಎದೆ ಒಡೆದುಕೊಳ್ಳಬೇಕಿಲ್ಲ. ಸ್ಕ್ಯಾನ್ ಬೆಲೆ ಬಾಳುವುದು ರೋಗಿಯ ಕಾಲಿನ ನೋವು, ಜೋಮು, ಬಲಹೀನತೆ ಮತ್ತು ಚಿತ್ರದಲ್ಲಿ ಕಾಣುವ ನರ, ಎರಡೂ ಒಂದಕ್ಕೊಂದು ತಾಳೆಯಾದಾಗ. ಎಡಗಾಲು ನೋಯುತ್ತಿದೆ, ಚಿತ್ರದಲ್ಲಿ ತುಣುಕು ಬಲಕ್ಕಿದೆ ಎಂದರೆ ಆ ತುಣುಕು ತೆಗೆದು ಏನು ಪ್ರಯೋಜನ?

ಕಾಯಲೇಬಾರದ ಸಂದರ್ಭ

ಮುಂದೆ ಹೋಗುವ ಮೊದಲು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಲೇಖನದ ಉಳಿದ ಭಾಗ ಮರೆತರೂ ಇದನ್ನು ಮರೆಯಬೇಡಿ.

ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಗೊಂಚಲು ಇಳಿಯುತ್ತದೆ. ಕಾಲುಗಳಿಗಷ್ಟೇ ಅಲ್ಲ, ಮೂತ್ರಕೋಶಕ್ಕೆ, ಗುದದ್ವಾರಕ್ಕೆ, ಜನನಾಂಗಕ್ಕೆ ಹೋಗುವ ನರಗಳೂ ಅದರಲ್ಲಿವೆ. ದೊಡ್ಡ ತುಣುಕೊಂದು ಇಡೀ ಗೊಂಚಲನ್ನೇ ಅದುಮಿದರೆ ಮೂತ್ರ ಕಟ್ಟಿಕೊಳ್ಳುತ್ತದೆ, ಅಥವಾ ಗೊತ್ತಿಲ್ಲದೆ ಸೋರುತ್ತದೆ. ಸೈಕಲ್ ಸೀಟಿಗೆ ತಾಗುವ ಭಾಗ ಮರಗಟ್ಟುತ್ತದೆ, ಶೌಚದ ನಂತರ ತೊಳೆದುಕೊಳ್ಳುವಾಗ ನೀರು ತಾಗಿದ್ದೇ ತಿಳಿಯುವುದಿಲ್ಲ. ಕೆಲವರಿಗೆ ಎರಡೂ ಕಾಲಿನಲ್ಲಿ ನೋವು ಮತ್ತು ಶಕ್ತಿಹೀನತೆ ಬರುತ್ತದೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದು ತುರ್ತುಸ್ಥಿತಿ. ನಾಳೆ ನೋಡೋಣ ಎನ್ನದೆ, ರಾತ್ರಿಯಾಗಿದ್ದರೂ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಲೆಕ್ಕ ಗಂಟೆಗಳಲ್ಲಿ. ತಡವಾದರೆ ಮೂತ್ರದ ಹಿಡಿತ ಜೀವನಪೂರ್ತಿ ಬಾರದೇ ಹೋಗಬಹುದು. ಹೀಗಾದಾಗ ಸಣ್ಣ ರಂಧ್ರವೋ ದೊಡ್ಡ ಗಾಯವೋ ಎಂಬ ಚರ್ಚೆಗೆ ಕೂರಬೇಡಿ. ಯಾವ ವಿಧಾನದಿಂದ ಬೇಗ ಮತ್ತು ಪೂರ್ತಿಯಾಗಿ ಒತ್ತಡ ಬಿಡಿಸಬಹುದೋ ಅದೇ ಸರಿ.

ಇದರ ನಂತರದ ಸ್ಥಾನ ದಿನೇದಿನೇ ಹೆಚ್ಚುವ ಬಲಹೀನತೆಗೆ. ನಡೆಯುವಾಗ ಪಾದ ಎತ್ತಲಾಗದೆ ಬೆರಳು ನೆಲಕ್ಕೆ ಉಜ್ಜುತ್ತದೆ. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿಹೋದದ್ದು ಗೊತ್ತಾಗುವುದಿಲ್ಲ. ತುದಿಗಾಲಿನಲ್ಲಿ ಒಂಟಿಯಾಗಿ ನಿಲ್ಲಲು ಆಗುವುದಿಲ್ಲ. ಇವಕ್ಕೂ ವಾರಗಟ್ಟಲೆ ಎಣ್ಣೆ ತಿಕ್ಕುತ್ತ ಕೂರುವುದು ಸಲ್ಲದು, ಒಂದೆರಡು ದಿನದಲ್ಲೇ ತಜ್ಞರನ್ನು ಕಾಣಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ದೊಡ್ಡ ಪೆಟ್ಟು ಇವುಗಳ ಜೊತೆ ಬರುವ ಬೆನ್ನುನೋವೂ ಬೇರೆಯೇ ಲೆಕ್ಕ. ನಮ್ಮಲ್ಲಿ ಬೆನ್ನುಮೂಳೆಗೆ ಕ್ಷಯ ತಗಲುವುದು ಅಪರೂಪವೇನಲ್ಲ.

ಸಣ್ಣ ರಂಧ್ರದೊಳಗೆ ನಡೆಯುವುದೇನು?

ಡಿಸ್ಕ್‌ನಿಂದ ಕಾಲುನೋವು ಬರಬಹುದು ಎಂದು ವೈದ್ಯಲೋಕ ಒಪ್ಪಿದ್ದು 1934ರಲ್ಲಿ, ಬೋಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ಸರ್ಜನ್‌ಗಳು ಪ್ರಕಟಿಸಿದ ಲೇಖನದ ನಂತರ. ಅದಕ್ಕೂ ಮೊದಲು ಅಂಥ ತುಣುಕುಗಳನ್ನು ಗಡ್ಡೆ ಎಂದೇ ತಿಳಿಯಲಾಗುತ್ತಿತ್ತು. ಆಗಿನ ಆಪರೇಷನ್ ದೊಡ್ಡದು. ಉದ್ದ ಗಾಯ, ಬೆನ್ನುಮೂಳೆಯಿಂದ ಸ್ನಾಯುಗಳನ್ನು ಬಿಡಿಸುವುದು, ಮಣಿಯ ಹಿಂಭಾಗದ ಎಲುಬನ್ನು ದೊಡ್ಡದಾಗಿ ತೆಗೆಯುವುದು, ವಾರಗಟ್ಟಲೆ ಹಾಸಿಗೆ. ‘ಬೆನ್ನಿನ ಆಪರೇಷನ್ ಬೇಡ’ ಎಂಬ ಅಜ್ಜಿಯರ ಹೆದರಿಕೆ ಬಹುಶಃ ಆ ಕಾಲದ್ದು.

1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಎಂಬ ಸರ್ಜನ್‌ಗಳು ಬೇರೆಬೇರೆಯಾಗಿ ಸೂಕ್ಷ್ಮದರ್ಶಕದ ಸಹಾಯದ ವಿಧಾನವನ್ನು ಪ್ರಕಟಿಸಿದರು. ಗಾಯ ಒಂದು ಇಂಚಿನ ಆಸುಪಾಸಿಗೆ ಇಳಿಯಿತು. ಇದೇ ಮೈಕ್ರೋಡಿಸ್ಕೆಕ್ಟಮಿ. ಇವತ್ತಿಗೂ ಎಲ್ಲ ಹೊಸ ವಿಧಾನಗಳನ್ನು ಅಳೆಯುವುದು ಇದರ ಪಕ್ಕದಲ್ಲಿಟ್ಟೇ. ‘ಓಪನ್ ಸರ್ಜರಿ’ ಎಂದು ಜಾಹೀರಾತುಗಳು ಹೆದರಿಸುವುದು ಬಹಳ ಸಲ ಇದನ್ನೇ. ಒಂದು ಇಂಚು ಎಂದರೆ ಹೆಬ್ಬೆರಳಿನ ಮೇಲುಗೆಣ್ಣಿನಷ್ಟು, ಅಷ್ಟೇ.

1990ರ ದಶಕದ ಕೊನೆಗೆ ಕೊಳವೆ ವಿಧಾನ ಬಂತು. ಸ್ನಾಯುವನ್ನು ಕತ್ತರಿಸದೆ, ಅದರ ಎಳೆಗಳ ನಡುವೆ ಒಂದಕ್ಕಿಂತ ಒಂದು ದಪ್ಪದ ಕೊಳವೆಗಳನ್ನು ತೂರಿಸುತ್ತ ದಾರಿ ಅಗಲ ಮಾಡಿ, ಕೊನೆಗೆ ಸುಮಾರು 2 ಸೆಂಟಿಮೀಟರ್ ಅಗಲದ ಕೊಳವೆಯೊಳಗಿಂದ ಕೆಲಸ ಮುಗಿಸುವುದು. ಅದಾದ ಮೇಲೆ ಪೂರ್ಣ ಎಂಡೋಸ್ಕೋಪಿ. ಇಲ್ಲಿ ರಂಧ್ರ ಒಂದು ಸೆಂಟಿಮೀಟರಿಗೂ ಕಡಿಮೆ. ಪೆನ್ಸಿಲ್ ದಪ್ಪದ ನಳಿಕೆ, ಅದರ ತುದಿಗೆ ಕ್ಯಾಮೆರಾ, ಒಳಗೆ ಹರಿಯುತ್ತಲೇ ಇರುವ ಸಲೈನ್ ನೀರು, ಸರ್ಜನ್ ನೋಡುವುದು ಟಿವಿ ಪರದೆಯನ್ನು. ನಳಿಕೆಯನ್ನು ಸೊಂಟದ ಬದಿಯಿಂದ, ನರ ಹೊರಬರುವ ಕಿಂಡಿಯ ಮೂಲಕ ತೂರಿಸಿದರೆ ಪೂರ್ತಿ ಅರಿವಳಿಕೆ ಕೂಡ ಬೇಕಾಗುವುದಿಲ್ಲ. ರೋಗಿ ಎಚ್ಚರವಾಗಿಯೇ ಇದ್ದು ‘ಕಾಲಿಗೆ ಜುಮ್ ಅಂತಿದೆ ಡಾಕ್ಟ್ರೇ’ ಎಂದು ಹೇಳಬಹುದು. ಆದರೆ ಕಟ್ಟಕಡೆಯ ಡಿಸ್ಕ್‌ಗೆ ಬದಿಯಿಂದ ಹೋಗಲು ಎಷ್ಟೋ ಜನರಲ್ಲಿ ಸೊಂಟದ ಎಲುಬೇ ಅಡ್ಡ ಬರುತ್ತದೆ. ಆಗ ಹಿಂದಿನಿಂದ ಹೋಗಬೇಕು. ಅಂದರೆ ಯಾವ ದಾರಿ ಎನ್ನುವುದನ್ನು ತುಣುಕಿನ ಜಾಗ, ಎಲುಬಿನ ಆಕಾರ ಮತ್ತು ಸರ್ಜನ್ನರ ಅನುಭವ ನಿರ್ಧರಿಸುತ್ತವೆ, ಜಾಹೀರಾತಿನಲ್ಲಿರುವ ಯಂತ್ರದ ಹೆಸರಲ್ಲ.

ಮೂರರಲ್ಲೂ ಒಳಗೆ ನಡೆಯುವ ಕೆಲಸ ಒಂದೇ. ಹೊರಬಂದ ತುಣುಕನ್ನು, ಜೊತೆಗೆ ಸಡಿಲವಾಗಿರುವ ಸ್ವಲ್ಪ ತಿರುಳನ್ನು ತೆಗೆಯುವುದು. ಡಿಸ್ಕ್ ಅಲ್ಲೇ ಉಳಿಯುತ್ತದೆ, ‘ಹೊಸ ಡಿಸ್ಕ್’ ಯಾರೂ ಹಾಕುವುದಿಲ್ಲ. ಕೆಲಸ ನಡೆಯುವ ಆ ಕೊನೆಯ ಎರಡು ಡಿಸ್ಕ್‌ಗಳ ಮಟ್ಟದಲ್ಲಿ ಬೆನ್ನುಹುರಿಯೇ ಇಲ್ಲದ ಕಾರಣ ‘ಕೈ ತಪ್ಪಿದರೆ ಸೊಂಟದ ಕೆಳಗೆ ಪೂರ್ತಿ ಸತ್ತಹಾಗೆ’ ಎಂಬ ಭಯಕ್ಕೆ ಆಧಾರ ಕಡಿಮೆ. ಒಂದು ನರಕ್ಕೆ ಪೆಟ್ಟಾಗುವುದು, ನರಗಳನ್ನು ಸುತ್ತಿರುವ ಪೊರೆ ಹರಿದು ದ್ರವ ಸೋರುವುದು, ಸೋಂಕು, ತುಣುಕಿನ ಚೂರು ಒಳಗೇ ಉಳಿಯುವುದು ಇವೆಲ್ಲ ಆಗಬಹುದು, ಆದರೆ ಹೆಚ್ಚು ಜನರಿಗೆ ಆಗುವಂಥವಲ್ಲ.

ಗಾಯ ಚಿಕ್ಕದಾದರೆ ಗುಣ ಹೆಚ್ಚೇ?

ಸಣ್ಣ ರಂಧ್ರದ ಲಾಭಗಳು ಸುಳ್ಳಲ್ಲ. ಸ್ನಾಯುವಿಗೆ ಪೆಟ್ಟು ಕಡಿಮೆ, ರಕ್ತ ಹೋಗುವುದು ಕಡಿಮೆ, ಮೊದಲ ದಿನಗಳ ಗಾಯದ ನೋವು ಕಡಿಮೆ, ಆಸ್ಪತ್ರೆಯಲ್ಲಿ ಇರಬೇಕಾದ ಸಮಯವೂ ಕಡಿಮೆ. ‘ಸಂಜೆ ಮನೆಗೆ’ ಎನ್ನುವುದು ಎಷ್ಟೋ ಜನರ ಮಟ್ಟಿಗೆ ನಿಜವೂ ಹೌದು. ದಿನಗೂಲಿಯ ಮೇಲೆ ಬದುಕುವವರಿಗೆ, ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ವರ್ಷ ಕಳೆದ ಮೇಲೆ? ನೆದರ್‌ಲ್ಯಾಂಡ್ಸಿನಲ್ಲಿ 328 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕೊಳವೆ ವಿಧಾನ, ಇನ್ನೊಂದಕ್ಕೆ ಮಾಮೂಲಿ ಮೈಕ್ರೋಡಿಸ್ಕೆಕ್ಟಮಿ ಮಾಡಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ಬಳಿಕ ‘ಚೆನ್ನಾಗಿ ಗುಣವಾಗಿದೆ’ ಎಂದವರು ಮಾಮೂಲಿ ಗುಂಪಿನಲ್ಲಿ ಶೇ. 79, ಕೊಳವೆ ಗುಂಪಿನಲ್ಲಿ ಶೇ. 69. ಹೊಸದು ಗೆಲ್ಲುತ್ತದೆ ಎಂದುಕೊಂಡಿದ್ದವರಿಗೆ ಇದು ಅನಿರೀಕ್ಷಿತ. ಎಂಡೋಸ್ಕೋಪಿಯ ಕತೆ ಸ್ವಲ್ಪ ಮೇಲು. ಅದೇ ದೇಶದಲ್ಲಿ 613 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಬಳಿಕ ಕಾಲುನೋವು ಇಳಿಸುವುದರಲ್ಲಿ ಎಂಡೋಸ್ಕೋಪಿ ಮೈಕ್ರೋಡಿಸ್ಕೆಕ್ಟಮಿಗೆ ಸರಿಸಮಾನವಾಗಿ ನಿಂತಿತು. ಈ ಸಮ ಫಲಿತಾಂಶ ಬರುವುದು ಪಳಗಿದ ಕೈಗಳಲ್ಲಿ. ಕಿಂಡಿಯೊಳಗಿಂದ ಕೆಲಸ ಮಾಡುವುದನ್ನು ಕಲಿಯಲು ಸರ್ಜನ್ನರಿಗೂ ವರ್ಷಗಳು ಬೇಕು.

‘ಲೇಸರ್’ ಎಂಬ ಪದಕ್ಕೆ ನಮ್ಮಲ್ಲಿ ವಿಶೇಷ ಮರ್ಯಾದೆ. ಡಿಸ್ಕ್‌ನೊಳಗೆ ಸೂಜಿ ಚುಚ್ಚಿ ಲೇಸರ್‌ನಿಂದ ಒಂದಿಷ್ಟು ತಿರುಳನ್ನು ಆವಿ ಮಾಡುವ ವಿಧಾನ 1986ರಷ್ಟು ಹಳೆಯದು. ಅದು ಒಳಗಿನ ಒತ್ತಡ ಇಳಿಸಬಹುದೇ ಹೊರತು ಕಡಿದುಕೊಂಡು ಹೊರಗೆ ಬಿದ್ದ ತುಣುಕನ್ನು ಮುಟ್ಟುವುದಿಲ್ಲ. ಮಾಮೂಲಿ ಶಸ್ತ್ರಚಿಕಿತ್ಸೆಯ ಪಕ್ಕದಲ್ಲಿಟ್ಟು ನೋಡಿದಾಗ ಲೇಸರ್ ಗುಂಪಿನಲ್ಲಿ ಮತ್ತೆ ಆಪರೇಷನ್ ಬೇಕಾದವರು ಬಹಳ ಹೆಚ್ಚಿದ್ದರು. ಕೆಲವೊಮ್ಮೆ ಎಂಡೋಸ್ಕೋಪಿಯಲ್ಲೇ ಸಣ್ಣ ಉಪಕರಣವಾಗಿ ಲೇಸರ್ ಬಳಸಿ, ಇಡೀ ಆಪರೇಷನ್ನಿಗೇ ಆ ಹೆಸರಿಡುವುದೂ ಉಂಟು. ಕೇಳಿ ಸ್ಪಷ್ಟ ಮಾಡಿಕೊಳ್ಳಿ.

ಇಂಥದ್ದೇ ಇನ್ನೊಂದು ಆಸೆಯ ಕತೆ ಪರಂಗಿ ಹಣ್ಣಿನದು. ಮಾಂಸ ಬೇಗ ಬೇಯಲೆಂದು ಪರಂಗಿಕಾಯಿ ಹಾಕುತ್ತಾರಲ್ಲ, ಆ ಗಿಡದ ಹಾಲಿನಲ್ಲಿರುವ ಕೈಮೊಪಪೈನ್ ಎಂಬ ಕಿಣ್ವವನ್ನು ಡಿಸ್ಕ್‌ಗೆ ಚುಚ್ಚಿ ತಿರುಳನ್ನು ಕರಗಿಸುವ ಚಿಕಿತ್ಸೆ 1960ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. 1982ರಲ್ಲಿ ಅಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆಯೂ ಸಿಕ್ಕಿತು. ಕೆಲವರಿಗೆ ನಿಜಕ್ಕೂ ಗುಣವಾಯಿತು. ಆದರೆ ಕೆಲವರಿಗೆ ಪ್ರಾಣಕ್ಕೇ ಕುತ್ತಾಗುವ ಅಲರ್ಜಿ, ಅಪರೂಪಕ್ಕೆ ಬೆನ್ನುಹುರಿಗೆ ಹಾನಿ ಕಂಡುಬಂದು ಬಳಕೆ ಕುಸಿಯಿತು. 2003ರ ಹೊತ್ತಿಗೆ ಅಲ್ಲಿ ಅದರ ಮಾರಾಟವೇ ನಿಂತಿತು. ಇದನ್ನೋದಿ ‘ಪರಂಗಿ ತಿಂದರೆ ಡಿಸ್ಕ್ ಕರಗುತ್ತದೆ’ ಎಂದು ಯಾರೂ ಫಾರ್ವರ್ಡ್ ಮಾಡದಿದ್ದರೆ ಸಾಕು. ತಿಂದ ಹಣ್ಣು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಡಿಸ್ಕ್‌ವರೆಗೆ ಹೋಗುವುದಿಲ್ಲ.

ಹಾಗಾದರೆ ಎಷ್ಟು ದಿನ ಕಾಯಬೇಕು?

ತುರ್ತು ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲ ಆರು ವಾರ ಆಪರೇಷನ್ ಮಾತು ಎತ್ತುವುದಿಲ್ಲ. ಹೆಚ್ಚಿನವರಿಗೆ ನೋವು ಇಳಿಯಲು ಶುರುವಾಗುವುದು ಈ ಅವಧಿಯಲ್ಲೇ. ಹಾಗೆಂದು ಹಲಗೆಯ ಮೇಲೆ ಮಲಗಿಯೇ ಇರಬೇಕೆಂದಲ್ಲ. ಸಯಾಟಿಕಾ ಇರುವ 183 ಜನರಲ್ಲಿ ಅರ್ಧದಷ್ಟು ಜನರನ್ನು ಎರಡು ವಾರ ಮಲಗಿಸಿ ನೋಡಿದ 1999ರ ಡಚ್ ಅಧ್ಯಯನದಲ್ಲಿ ಮಲಗಿದವರಿಗೂ ಓಡಾಡಿಕೊಂಡಿದ್ದವರಿಗೂ ವ್ಯತ್ಯಾಸ ಕಾಣಲಿಲ್ಲ. ತಡೆಯಲಾಗದ ನೋವಿದ್ದಾಗ ಒಂದೆರಡು ದಿನ ಮಲಗಿ, ಆಮೇಲೆ ಆದಷ್ಟು ನಡೆದಾಡಿ ಎನ್ನುವುದೇ ಈಗಿನ ಸಲಹೆ. ನೋವಿನ ಮಾತ್ರೆ, ಫಿಸಿಯೋಥೆರಪಿ, ಕೆಲವರಿಗೆ ನರದ ಹತ್ತಿರ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಇವು ಈ ಹೊತ್ತನ್ನು ದಾಟಿಸಲು ನೆರವಾಗುತ್ತವೆ. ಇಂಜೆಕ್ಷನ್ನಿನ ಪರಿಣಾಮ ಹೆಚ್ಚಾಗಿ ಕೆಲವು ವಾರಗಳದು.

ಆರು ವಾರ ಕಳೆದರೂ ಕಾಲುನೋವು ಬಿಡದಿದ್ದರೆ? 2007ರಲ್ಲಿ ಪ್ರಕಟವಾದ ಇನ್ನೊಂದು ಡಚ್ ಪರೀಕ್ಷೆ ನಮ್ಮ ಪ್ರಕಾರ ಪ್ರತಿಯೊಬ್ಬ ರೋಗಿಯೂ ತಿಳಿದಿರಬೇಕಾದದ್ದು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ್ದ 283 ಜನರಲ್ಲಿ ಒಂದು ಗುಂಪಿಗೆ ಬೇಗ ಮೈಕ್ರೋಡಿಸ್ಕೆಕ್ಟಮಿ ಮಾಡುವುದೆಂದು, ಇನ್ನೊಂದು ಗುಂಪು ಔಷಧಿ ಮತ್ತು ವ್ಯಾಯಾಮದಲ್ಲಿ ಮುಂದುವರಿದು ತೀರಾ ಬೇಕೆನಿಸಿದರೆ ಮಾತ್ರ ಆಪರೇಷನ್ ಮಾಡಿಸಿಕೊಳ್ಳುವುದೆಂದು ಗೊತ್ತುಮಾಡಿದರು. ಬೇಗ ಆಪರೇಷನ್ ಎಂದಿದ್ದ ಗುಂಪು ಸರಾಸರಿ 4 ವಾರದಲ್ಲಿ ಚೇತರಿಸಿಕೊಂಡಿತು, ಕಾದ ಗುಂಪಿಗೆ 12 ವಾರ ಹಿಡಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ಶೇ. 95 ಜನ ಗುಣವಾಗಿದೆ ಎಂದರು. ಕಾದವರಲ್ಲಿ ಶೇ. 39 ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರಿಗೆ ಅದು ಬೇಕಾಗಲೇ ಇಲ್ಲ.

ಅಂದರೆ ಹೆಚ್ಚಿನವರ ಮಟ್ಟಿಗೆ ಆಪರೇಷನ್ ಕೊಳ್ಳುವುದು ಸಮಯವನ್ನು. ಎರಡು ತಿಂಗಳ ಕಾಲುನೋವನ್ನು ತಪ್ಪಿಸಲು ಆಪರೇಷನ್ನಿನ ಖರ್ಚು ಮತ್ತು ಅಪಾಯವನ್ನು ಒಪ್ಪಿಕೊಳ್ಳುವುದೇ ಬೇಡವೇ ಎನ್ನುವುದಕ್ಕೆ ಒಬ್ಬೊಬ್ಬರ ಉತ್ತರ ಒಂದೊಂದು. ರಾತ್ರಿ ನಿದ್ದೆಯಿಲ್ಲದೆ, ಲಾರಿ ಓಡಿಸಲಾಗದೆ, ಸಾಲದ ಕಂತು ಕಟ್ಟಬೇಕಾದವರು ಬೇಗ ಮಾಡಿಸಿಕೊಂಡರೆ ಅದು ತಪ್ಪಲ್ಲ. ಕೂತು ಕೆಲಸ ಮಾಡುತ್ತ, ನೋವನ್ನು ಹೇಗೋ ತಡೆದುಕೊಳ್ಳುತ್ತಿರುವವರು ಕಾದರೆ ಅದೂ ತಪ್ಪಲ್ಲ. ನಿರ್ಧಾರ ರೋಗಿಯದೇ ಆಗಬೇಕು, ಪೂರ್ತಿ ಮಾಹಿತಿಯ ಮೇಲೆ ಆಗಬೇಕು.

ಕಾಯುವುದಕ್ಕೂ ಒಂದು ಮಿತಿ ಇದೆ. ಕೆನಡಾದಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳು ಸಯಾಟಿಕಾ ಹೊತ್ತು ತಿರುಗಿದ್ದ 128 ಜನರ ಮೇಲೆ ನಡೆದ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಹತ್ತರ ಅಳತೆಯಲ್ಲಿ ಕಾಲುನೋವು ಆಪರೇಷನ್ ಗುಂಪಿನಲ್ಲಿ 2.8ಕ್ಕೆ ಇಳಿದಿತ್ತು, ಇನ್ನೊಂದು ಗುಂಪಿನಲ್ಲಿ 5.2 ಇತ್ತು. ಹಾಗಾಗಿ ‘ಆಪರೇಷನ್ ಯಾವತ್ತೂ ಬೇಡ’ ಎನ್ನುವ ಮೊದಲ ಫಾರ್ವರ್ಡ್ ನಂಬಿ ವರ್ಷಗಟ್ಟಲೆ ಕುಂಟುವುದರಲ್ಲೂ ಅರ್ಥವಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಎಲ್ಲಕ್ಕಿಂತ ಮೊದಲು ನಿಮ್ಮ ನೋವು ಎಲ್ಲಿ ಹೆಚ್ಚು ಎಂದು ನೀವೇ ಗಮನಿಸಿ. ಈ ಆಪರೇಷನ್ ಚೆನ್ನಾಗಿ ಕೆಲಸ ಮಾಡುವುದು ಕಾಲಿಗೆ ಇಳಿಯುವ ನೋವಿಗೆ. ಬರೀ ಸೊಂಟ ಹಿಡಿದಂತಾಗಿ ಕಾಲಿಗೆ ಏನೂ ಇಳಿಯದವರಿಗೆ ಡಿಸ್ಕ್ ತುಣುಕು ತೆಗೆಯುವುದರಿಂದ ಹೇಳಿಕೊಳ್ಳುವಂಥ ಲಾಭ ಆಗುವುದಿಲ್ಲ, ರಂಧ್ರ ಎಷ್ಟೇ ಚಿಕ್ಕದಿರಲಿ. ‘ಆಪರೇಷನ್ ಆದಮೇಲೂ ಬೆನ್ನುನೋವು ಹೋಗಲಿಲ್ಲ’ ಎನ್ನುವವರಲ್ಲಿ ಒಂದು ಪಾಲು ಈ ಗುಂಪಿನವರು.

ಮೊದಲ ಸಲದ, ಒಂದೇ ಡಿಸ್ಕ್‌ನ, ಕಾಲುನೋವಿನ ತೊಂದರೆಗೆ ಸ್ಕ್ರೂ ಮತ್ತು ರಾಡ್ ಹಾಕಿ ಮಣಿಗಳನ್ನು ಜೋಡಿಸಬೇಕೆಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ಮಣಿಯೇ ಮುಂದಕ್ಕೆ ಸರಿದಿದ್ದರೆ, ಬೆನ್ನುಮೂಳೆ ಅಲುಗಾಡುತ್ತಿದ್ದರೆ ಅದಕ್ಕೆ ಕಾರಣವಿರುತ್ತದೆ. ಇಲ್ಲದಿದ್ದರೆ ಎಲ್ಲರಿಗೂ ರೂಢಿಯಂತೆ ಮಾಡುವ ಕೆಲಸ ಅದಲ್ಲ, ಬಿಲ್ಲು ಮಾತ್ರ ಹಲವು ಪಟ್ಟು ಬೆಳೆಯುತ್ತದೆ. ‘ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಒಳಗೆ ಹೋದಮೇಲೆ ಕಷ್ಟವಾದರೆ ದೊಡ್ಡ ಗಾಯ ಮಾಡಿ ಮುಗಿಸಬೇಕಾಗಬಹುದೇ?’ ಎಂದು ಕೇಳುವುದೂ ಅವಮಾನವಲ್ಲ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಂದೇಹವಿದ್ದರೆ ಎಂಆರ್‌ಐ ಫಿಲ್ಮು, ಸಿಡಿ ತೆಗೆದುಕೊಂಡು ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗದಲ್ಲೋ ನರಶಸ್ತ್ರಚಿಕಿತ್ಸಾ ವಿಭಾಗದಲ್ಲೋ ಇನ್ನೊಂದು ಅಭಿಪ್ರಾಯ ಪಡೆಯಿರಿ. ಎಂಆರ್‌ಐ ನಿಮ್ಮದು, ಅದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಡಿ.

ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು 5ರಿಂದ 15 ಜನರಿಗೆ ಅದೇ ಡಿಸ್ಕ್‌ನಿಂದ ಮತ್ತೆ ತುಣುಕು ಹೊರಬರಬಹುದು. ಹೊರನಾರಿನ ಬಿರುಕನ್ನು ಯಾರೂ ಹೊಲಿದು ಮುಚ್ಚಿರುವುದಿಲ್ಲವಲ್ಲ. ಅದಕ್ಕೇ ಮೊದಲ ಕೆಲವು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೂಟೆ ಎತ್ತಬೇಡಿ, ಬಗ್ಗಿ ತಿರುಚಬೇಡಿ ಎನ್ನುವುದು. ನಡೆಯುವುದನ್ನು ಮಾತ್ರ ಅದೇ ದಿನ ಅಥವಾ ಮರುದಿನವೇ ಶುರು ಮಾಡಿಸುತ್ತಾರೆ. ಕೂತು ಮಾಡುವ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಮರಳಬಹುದು, ಗದ್ದೆ ಕೆಲಸ, ಗಾರೆ ಕೆಲಸಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಬೀಡಿ ಸಿಗರೇಟು ಸೇದುವವರಿಗೆ ಡಿಸ್ಕ್ ತೊಂದರೆ ಮರುಕಳಿಸುವುದು ಹೆಚ್ಚು.

ಚೇತರಿಕೆಗೂ ಒಂದು ಕ್ರಮವಿದೆ. ಅದು ಗೊತ್ತಿಲ್ಲದೆ ಎಷ್ಟೋ ಜನ ‘ಆಪರೇಷನ್ ಫೇಲ್ ಆಯ್ತು’ ಎಂದು ಹೆದರುತ್ತಾರೆ. ಕಾಲಿಗೆ ಇಳಿಯುತ್ತಿದ್ದ ನೋವು ಎಲ್ಲಕ್ಕಿಂತ ಮೊದಲು, ಕೆಲವರಿಗೆ ಎಚ್ಚರವಾದಾಗಲೇ ಕಡಿಮೆಯಾಗಿರುತ್ತದೆ. ಕಾಲಿನ ಬಲ ವಾರಗಳು, ತಿಂಗಳುಗಳ ಲೆಕ್ಕದಲ್ಲಿ ಮರಳುತ್ತದೆ. ಜೋಮು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಬಹಳ ದಿನ ಅದುಮಿಸಿಕೊಂಡಿದ್ದ ನರವಾದರೆ ಪಾದದ ಅಂಚಿನಲ್ಲೋ ಹೆಬ್ಬೆರಳಲ್ಲೋ ಅಂಗೈಯಗಲದಷ್ಟು ಜೋಮು ಹಾಗೇ ಉಳಿದುಬಿಡುವುದೂ ಉಂಟು.